ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತಿದೆ, ತೆರೀತಿಲ್ಲ. ತುರ್ತು!

ಮಸಿಕುಡಿಕೆ: ಎರಡು ದಿನದಿಂದ ನಿದ್ದೆಯಿಲ್ಲ. 2 ಟಿಬಿ ಹಾರ್ಡ್‌ಡಿಸ್ಕ್. ಹಾಕಿದ ಕೂಡಲೇ ಟಕ್, ಟಕ್, ಟಕ್. ಆಮೇಲೆ ಸುಮ್ಮನಾಗುತ್ತೆ. ಒಮ್ಮೊಮ್ಮೆ ಕಂಪ್ಯೂಟರ್‌ನಲ್ಲಿ ಕಾಣಿಸಿಕೊಂಡು ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತೆ. ಎಂಟು ವರ್ಷದ ಫೋಟೋ ಎಲ್ಲ ಅದರಲ್ಲೇ ಇದೆ, ಬೇರೆ ಕಾಪಿ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಿದ್ರೆ ಸರಿಹೋಗುತ್ತೆ? ಬೇಗ ಹೇಳಿ ಪ್ಲೀಸ್.

ಬೆಸುಗೆಕಡ್ಡಿ: ಸಾಫ್ಟ್‌ವೇರ್ ಮಾತು ಆಮೇಲೆ. ಇದು ಪವರ್ ಸಮಸ್ಯೆ, ಅನುಮಾನವೇ ಬೇಡ. ಮೋಟಾರ್ ತಿರುಗಲು ಶುರುವಾಗುವಾಗ 12 ವೋಲ್ಟ್ ಲೈನ್‌ನಿಂದ 2 ಆಂಪಿಯರ್ ಹತ್ತಿರ ಎಳೆಯುತ್ತೆ. ಅಡಾಪ್ಟರ್ ಒಳಗಿನ ಕೆಪಾಸಿಟರ್ ಊದಿದ್ರೆ ವೋಲ್ಟೇಜ್ ಕುಸಿದು, ಡೇಟಾ ಓದೋ ಹೆಡ್ ವಾಪಸ್ ತನ್ನ ಜಾಗಕ್ಕೆ ಹೋಗಿ ಪಾರ್ಕ್ ಆಗುತ್ತೆ, ಮತ್ತೆ ಮೊದಲಿಂದ. ಅದೇ ಆ ಸದ್ದು. ಡ್ರೈವ್ ಓಡ್ತಿರುವಾಗಲೇ ಮಲ್ಟಿಮೀಟರ್ ಹಿಡಿದು 12 ವೋಲ್ಟ್ ಎಷ್ಟು ನಿಲ್ಲುತ್ತೆ ನೋಡಿ.

ತಟ್ಟೆಸೂಜಿ: ಅಳೆಯೋದು ಇರಲಿ, ಮೊದಲು ಆಫ್ ಮಾಡಿ. 3.5 ಇಂಚಿನದೋ 2.5 ಇಂಚಿನದೋ? ಹಿಂದೆ ಯಾವಾಗಲಾದರೂ ಸ್ಮಾರ್ಟ್ ರೀಡಿಂಗ್ ತೆಗೆದಿದ್ದೀರಾ? ಡ್ರೈವ್ ತಾನೇ ಇಡೋ ಆ ದೋಷಗಳ ಲೆಕ್ಕದಲ್ಲಿ 199ನೇ ಸಾಲು ಏರಿದ್ರೆ ಕೇಬಲ್ ನೋಡಬೇಕು, 5 ಮತ್ತು 197ನೇ ಸಾಲು ಏರಿದ್ರೆ ಪ್ಲ್ಯಾಟರ್ (ಡೇಟಾ ಇರೋ ತಿರುಗುವ ತಟ್ಟೆ) ಇಲ್ಲವೇ ಹೆಡ್ ಕಡೆ.

ಮಸಿಕುಡಿಕೆ: ಅಡಾಪ್ಟರ್ ಎಲ್ಲಿದೆ ಸರ್? ಬರೀ ಯುಎಸ್‌ಬಿ ಕೇಬಲ್. ಸ್ಮಾರ್ಟ್ ಅಂದ್ರೆ ಗೊತ್ತಿಲ್ಲ. ನಿನ್ನೆ ರಾತ್ರಿಯೆಲ್ಲ ವಿಂಡೋಸ್‌ನ ದೋಷ ಹುಡುಕೋ ಚೆಕ್‌ಡಿಸ್ಕ್ ಓಡಿಸಿದೆ, 3 ಪರ್ಸೆಂಟ್‌ನಲ್ಲೇ ನಿಂತಿದೆ.

ಬೆಸುಗೆಕಡ್ಡಿ: ಪೋರ್ಟಬಲ್ ಅಂತ ಮೊದಲೇ ಹೇಳಬಾರದಿತ್ತಾ! ಆದ್ರೂ ನನ್ನ ಮಾತು ಬದಲಾಗಲ್ಲ, 12ರ ಜಾಗದಲ್ಲಿ 5 ವೋಲ್ಟ್ ಅಂತ ಓದಿಕೊಳ್ಳಿ. ತೆಳ್ಳಗಿನ ಉದ್ದ ಕೇಬಲ್‌ನಲ್ಲಿ ವೋಲ್ಟೇಜ್ ಸೋರಿಹೋಗುತ್ತೆ. ಗಿಡ್ಡ ಕೇಬಲ್ ತಗೊಂಡು ಹಿಂದಿನ ಪೋರ್ಟ್‌ಗೆ ಹಾಕಿ. ಅದಕ್ಕೂ ಬಗ್ಗದಿದ್ರೆ ಕೇಸ್ ಬಿಚ್ಚಿ ನೇರ ಕಂಪ್ಯೂಟರ್ ಒಳಗಿನ ಸಾಟಾ ಕನೆಕ್ಟರ್‌ಗೆ ಕೊಡಿ.

ತಟ್ಟೆಸೂಜಿ: ಎಷ್ಟೋ ಪೋರ್ಟಬಲ್‌ಗಳಲ್ಲಿ ಸಾಟಾ ಕನೆಕ್ಟರೇ ಇರಲ್ಲ, ಯುಎಸ್‌ಬಿ ಸಾಕೆಟ್ ಡ್ರೈವ್‌ನ ಬೋರ್ಡ್ ಮೇಲೇ ಕೂತಿರುತ್ತೆ. ಬಿಚ್ಚಿದ್ರೆ ಪ್ಲಾಸ್ಟಿಕ್ ಮುರಿಯುತ್ತೆ ಅಷ್ಟೇ.

ಹಳೇಬೂಟು: ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ನಾನು ಹೀಗೇ ಒಂದು 20 ಜಿಬಿ ಡ್ರೈವ್ ಉಳಿಸಿಕೊಂಡಿದ್ದೆ.

ತಟ್ಟೆಸೂಜಿ: ದಯವಿಟ್ಟು ಬೇಡ. ಆ ಕಾಲದ ಹಲವು ಡ್ರೈವ್‌ಗಳಲ್ಲಿ ಹೆಡ್ ಪ್ಲ್ಯಾಟರ್ ಮೇಲೆಯೇ ಇಳಿದು ನಿಲ್ಲುತ್ತಿತ್ತು, ಕೆಲವೊಮ್ಮೆ ಅಂಟಿಕೊಳ್ಳುತ್ತಿತ್ತು, ತಣ್ಣಗಾದಾಗ ಬಿಟ್ಟುಕೊಂಡಿರಬಹುದು. ಈಗಿನವುಗಳಲ್ಲಿ ಅಂಚಿನ ಇಳಿಜಾರಾದ ರ‍್ಯಾಂಪ್ ಮೇಲೆ ಹತ್ತಿ ನಿಲ್ಲುತ್ತೆ. ಮಾಮೂಲಿ ಡ್ರೈವ್‌ಗೆ ಫಿಲ್ಟರ್ ಹಾಕಿದ ಗಾಳಿಕಿಂಡಿ ಇರುತ್ತೆ. ಫ್ರೀಜರ್‌ನಿಂದ ತೆಗೆದರೆ ಒಳಗೆ ನೀರು ಪಸೆ ಕಟ್ಟೋ ಅಪಾಯ.

ಹಳೇಬೂಟು: ನನ್ನದು ಓಡಿತ್ತು, ನಾನೇ ಕಣ್ಣಾರೆ ಕಂಡವನು. ಕಿಂಡಿ ಅಷ್ಟು ಸಣ್ಣದು, ಎಷ್ಟು ತೇವ ಒಳಗೆ ಹೋಗುತ್ತೆ ಹೇಳಿ?

ತಟ್ಟೆಸೂಜಿ: ಹೆಡ್ ಮತ್ತು ಪ್ಲ್ಯಾಟರ್ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಒಂದು ಹನಿಯೂ ಬೇಕಿಲ್ಲ.

ಎಂಟುಬೇ: ಇದಕ್ಕೇ ನಾನು ಹೀಲಿಯಂ ತುಂಬಿದ ಡ್ರೈವ್ ಬಿಟ್ಟು ಬೇರೆ ಮುಟ್ಟಲ್ಲ. ಪೂರ್ತಿ ಸೀಲ್, ಕಿಂಡಿಯ ಗೋಜೇ ಇಲ್ಲ. 2013ರಲ್ಲಿ ಮೊದಲನೆಯದು ಬಂದಾಗ 6 ಟಿಬಿಗೆ ಏಳು ಪ್ಲ್ಯಾಟರ್ ಹಿಡಿಸಿದ್ದರು. ನನ್ನ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆ ನಾಸ್‌ನಲ್ಲಿ ಎಂಟಿವೆ. ಒಂದರ ನಡುಕ ಇನ್ನೊಂದರ ಹೆಡ್ಡನ್ನು ದಾರಿ ತಪ್ಪಿಸದಂತೆ ಪ್ರತಿಯೊಂದಕ್ಕೂ ಕಂಪನ ಸೆನ್ಸರ್, ಟ್ರೇಗೆ ರಬ್ಬರ್ ಬುಷ್. ಕತ್ತಲಲ್ಲಿ ಕೂತರೂ ಸದ್ದು ಕೇಳಿಸಲ್ಲ. ಫೋಟೋ ಹಾಕ್ತೀನಿ.

ಬೆಸುಗೆಕಡ್ಡಿ: ಯಾವ ಪವರ್ ಸಪ್ಲೈ? ಎಂಟೂ ಒಟ್ಟಿಗೆ ತಿರುಗಲು ಶುರುವಾಗ್ತವಾ, ಒಂದೊಂದಾಗಿಯಾ?

ಎಂಟುಬೇ: ಒಂದೊಂದಾಗಿ. ಒಟ್ಟಿಗೆ ಬಿಟ್ರೆ ಸಪ್ಲೈ ತಾಳಲ್ಲ.

ಮಸಿಕುಡಿಕೆ: ನನ್ನ ಡಿಸ್ಕ್ ಬಗ್ಗೆ ಯಾರಾದ್ರೂ ಹೇಳ್ತೀರಾ? ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಅದೇ ಸದ್ದು. ಬಿದ್ದ ದಿನ ಸಂಜೆವರೆಗೂ ಚೆನ್ನಾಗೇ ಇತ್ತಲ್ಲ!

ತಟ್ಟೆಸೂಜಿ: ಬಿದ್ದಿತ್ತಾ? ಎಷ್ಟು ಎತ್ತರದಿಂದ? ಆಗ ಓಡ್ತಿತ್ತಾ?

ಮಸಿಕುಡಿಕೆ: ಮೇಜಿನಿಂದ. ಕಾಪಿ ಆಗ್ತಿತ್ತು, ಕೇಬಲ್ ಕಾಲಿಗೆ ಸಿಕ್ಕಿತು. ಜಮಖಾನೆ ಇತ್ತು, ಅದಕ್ಕೇ ಹೇಳಲಿಲ್ಲ.

ತಟ್ಟೆಸೂಜಿ: ಇಲ್ಲೇ ಇದೆ ನೋಡಿ ವಿಷಯ. ಹೆಡ್ ರ‍್ಯಾಂಪ್ ಮೇಲಿದ್ದಾಗ 2.5 ಇಂಚಿನ ಡ್ರೈವ್ ಸಾಮಾನ್ಯವಾಗಿ 1000 ಜಿ (ಗುರುತ್ವದ ಸಾವಿರ ಪಟ್ಟು) ಹೊಡೆತ ತಡೆಯುತ್ತೆ, ಓಡುವಾಗ 350–400 ಜಿ ಅಷ್ಟೇ. ಕರೆಂಟ್ ಹಠಾತ್ತನೆ ಹೋದ್ರೂ ತಿರುಗುತ್ತಿರೋ ಮೋಟಾರೇ ವಿದ್ಯುತ್ ಕೊಟ್ಟು ಹೆಡ್ ಪಾರ್ಕ್ ಮಾಡಿಸುತ್ತೆ, ತಯಾರಕರು ಅಷ್ಟು ಮುಂದಾಲೋಚನೆ ಮಾಡಿದ್ದಾರೆ. ಆದ್ರೆ ಬೀಳ್ತಿದೆ ಅಂತ ಡ್ರೈವ್‌ಗೆ ಯಾರು ಹೇಳಬೇಕು? ಐಬಿಎಂ 2003ರಲ್ಲಿ ತನ್ನ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್‌ಗೆ ಅದಕ್ಕಾಗಿಯೇ ಸೆನ್ಸರ್ ಕೊಟ್ಟಿತು. ಮುಕ್ಕಾಲು ಮೀಟರ್ ಬೀಳಲು ಸುಮಾರು 0.4 ಸೆಕೆಂಡ್ ಬೇಕು, ಅಷ್ಟರಲ್ಲಿ ಹೆಡ್ ಪಾರ್ಕ್ ಮಾಡಬಹುದು. ಸೆನ್ಸರ್ ಇಲ್ಲದಿದ್ರೆ ಹೆಡ್ ಪ್ಲ್ಯಾಟರಿಗೆ ಬಡಿಯುತ್ತೆ. ಪ್ಲ್ಯಾಟರ್ ಮೇಲಿನ ವಜ್ರದಂಥ ಗಟ್ಟಿ ಇಂಗಾಲದ ಲೇಪ ಸಣ್ಣ ತಾಗುವಿಕೆಗೆ ಸರಿ, ಇದಕ್ಕೆ ಸಾಲದು. ಪೆಟ್ಟಾದ ಹೆಡ್‌ಗೆ ಪ್ಲ್ಯಾಟರ್ ಮೇಲಿನ, ದಾರಿ ತೋರಿಸೋ ಸರ್ವೋ ಗುರುತು ಸಿಗಲ್ಲ. ತೋಳು ಕೊನೆವರೆಗೂ ಹೋಗಿ ತಡೆಗೆ ಬಡಿದು ವಾಪಸ್ ಬರುತ್ತೆ, ಅದೇ ನಿಮಗೆ ಕೇಳ್ತಿರೋ ಟಕ್. ಒಂದು ರಾತ್ರಿ ಓಡಿಸಿದ್ದೀರಿ. ಹೆಡ್ ಮುರಿದಿದ್ರೆ ಅಷ್ಟೂ ಹೊತ್ತು ಪ್ಲ್ಯಾಟರ್ ಕೆರೆದಿರಬಹುದು. ಇನ್ನೊಂದು ಸಲವೂ ಹಾಕಬೇಡಿ. ಧೂಳಿಲ್ಲದ ಕೋಣೆಯಲ್ಲಿ ಹೆಡ್ ಬದಲಿಸುವವರ ಹತ್ತಿರ ಒಯ್ಯಿರಿ, ಬಿದ್ದದ್ದನ್ನು ಮೊದಲ ಮಾತಿನಲ್ಲೇ ಹೇಳಿ.

ಮಸಿಕುಡಿಕೆ: ಕಿತ್ತಿಟ್ಟೆ. ಫೋಟೋ ಎಷ್ಟು ಉಳಿದಿರಬಹುದು?

ತಟ್ಟೆಸೂಜಿ: ತೆರೆದು ನೋಡದೆ ಹೇಳಿದ್ರೆ ಸುಳ್ಳಾಗುತ್ತೆ.

ಬೆಸುಗೆಕಡ್ಡಿ: ಕಿತ್ತಿಡೋ ಮುಂಚೆ 5 ವೋಲ್ಟ್ ಅಳೆದ್ರಾ?