ಅಪ್‌ಡೇಟ್: ಹಲಸಿನ ಮರ ಹಲಗೆಯಾಯಿತು, ಮನೆ ಇನ್ನೂ ಆಗಿಲ್ಲ

ಗಾಳಿಗೆ ಬಿದ್ದ ಹಲಸಿನ ಮರವನ್ನು ಚೈನ್‌ಸಾದಲ್ಲೇ ಸೀಳಿ ಚಿಕ್ಕ ತೋಟದ ಮನೆ ಕಟ್ಟಬಹುದಾ ಎಂದು ಕೇಳಿದ್ದೆ, ನೆನಪಿದೆ ಅಲ್ವಾ? ಸೀಳಿದೆ.

ಮೊದಲು ಅರಣ್ಯ ಇಲಾಖೆಗೆ ತಿಳಿಸಿ ಕಾಗದಪತ್ರ ಮುಗಿಸಿಕೊಂಡೆ. ಆಮೇಲೆ ಶುರುವಾಯಿತು ನನ್ನ ದಡ್ಡತನ. ಮರ ಅಡ್ಡ ಕಡಿಯುವ ಮಾಮೂಲಿ ಚೈನನ್ನೇ ಹಾಕಿದೆ. ಎರಡು ಹಲಗೆ ಸೀಳುವಷ್ಟರಲ್ಲಿ ಮಧ್ಯಾಹ್ನ. ಮೇಲ್ಮೈ ಉತ್ತ ಗದ್ದೆಯ ಹಾಗಿತ್ತು. ನೀವು ಹೇಳಿದ್ದೇ ಸರಿ: ಮಾಮೂಲಿ ಚೈನಿನ ಹಲ್ಲು ಸುಮಾರು 30 ಡಿಗ್ರಿ ಓರೆ ಇರುತ್ತದೆ, ಉದ್ದಕ್ಕೆ ಸೀಳಲು 10 ಡಿಗ್ರಿ ಬೇಕು. ಅರ ಹಿಡಿದು ಅದನ್ನೇ 10ಕ್ಕೆ ಉಜ್ಜಿಕೊಂಡೆ. ಕೆಲಸ ಬೇಗ ಸಾಗಲಿಲ್ಲ, ಆದರೆ ಹಲಗೆ ನಯವಾಗಿ ಬಂತು. ಮೊದಲ ಸೀಳಿಗೆ ದಿಮ್ಮಿಯ ಮೇಲೆ ಏಣಿ ಕಟ್ಟಿ, ಅದರ ಮೇಲೆ ಮಿಲ್ (ಚೈನ್‌ಸಾ ಕೂರಿಸಿ ಒಂದೇ ದಪ್ಪಕ್ಕೆ ಸೀಳುವ ಚೌಕಟ್ಟು) ಜಾರಿಸಿದೆ. ಏಣಿ ನೆಟ್ಟಗಿದ್ದರೆ ಹಲಗೆಯೂ ನೆಟ್ಟಗೆ.

ಒಂದೊಂದು ಸೀಳಿಗೂ ಸುಮಾರು 8 ಮಿಲಿಮೀಟರ್ ಮರ ಪುಡಿಯಾಗಿ ಹೋಗುತ್ತದೆ. ಆ ಹಳದಿ ರಾಶಿ ನೋಡಿ ಅಪ್ಪಯ್ಯನ ಹೊಟ್ಟೆ ಉರಿಯಿತು. "ಸಾಮಿಲ್ಲಿಗೆ ಕೊಟ್ಟಿದ್ದರೆ ಇನ್ನೆರಡು ಹಲಗೆ ಸಿಗ್ತಿತ್ತಲ್ಲೋ!"

ಒಣಗಿಸಲು ಇಂಚು ದಪ್ಪಕ್ಕೆ ಒಂದು ವರ್ಷದ ಲೆಕ್ಕ. ಗಾಳಿಯಾಡಲಿ ಎಂದು ಹಲಗೆಗಳ ನಡುವೆ ಸುಮ್ನೆ ಅಡಿಕೆ ದಬ್ಬೆ ಇಟ್ಟಿದ್ದೆ. ಅವು ಒಂದೇ ದಪ್ಪ ಇರುವುದಿಲ್ಲವಲ್ಲ, ಮೂರು ಹಲಗೆ ಸೊಟ್ಟಗಾದವು. ಈಗ ಒಂದೇ ಅಳತೆಯ ರೀಪು ಇಟ್ಟು, ತುದಿಗಳಿಗೆ ಹಳೆ ಪೇಂಟು ಬಳಿದು, ಕೊಟ್ಟಿಗೆಯ ಅಟ್ಟದಲ್ಲಿ ಪೇರಿಸಿದ್ದೇನೆ. ಶಿರಸಿಯ ಮಳೆಯಲ್ಲಿ ಒಣಗುವುದು ಅಂದರೆ ಗೊತ್ತಲ್ಲ! ಎರಡು ಇಂಚಿನವು ಇನ್ನೊಂದು ಬೇಸಿಗೆ ಕಾಯಲಿ. ಅಷ್ಟರಲ್ಲಿ ಮನೆಗೆ ಚಿರೆಕಲ್ಲಿನ ಪಂಚಾಂಗ (ಅಡಿಪಾಯ) ಹಾಕಿಸುತ್ತೇನೆ.