ಸಿ. ಆರ್. ಸಿಂಹ ಅವರನ್ನು ರಂಗದ ಮೇಲೆ ಕಂಡವರಲ್ಲಿ ಒಂದು ವಿನಂತಿ

ರಂಗಾಸಕ್ತೆ, ಮೈಸೂರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸಿ. ಆರ್. ಸಿಂಹ ಅವರು 2014ರ ಫೆಬ್ರವರಿ 28ರಂದು ತೀರಿಕೊಂಡಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅವರನ್ನು ನಾನು ಬಲ್ಲದ್ದೆಲ್ಲ ಟಿ.ವಿ.ಯಲ್ಲಿ ಮತ್ತೆ ಮತ್ತೆ ಬರುವ ಸಿನಿಮಾಗಳಿಂದಲೇ. ಅವುಗಳಲ್ಲಿ ಹೆಚ್ಚಿನವು ಪೋಷಕ ಪಾತ್ರಗಳು. ಆದರೂ ಆ ತುಂಬು ಕಂಠ, ಒಂದಕ್ಷರವೂ ಸವೆಯದ ಉಚ್ಚಾರಣೆ ಒಂದೇ ಮಾತಿಗೆ ಗುರುತು ಸಿಕ್ಕಿಬಿಡುತ್ತದೆ. ನಮ್ಮ ಮನೆಯ ಹಿರಿಯರಾಗಲಿ, ನಾಟಕದ ಗೀಳಿನ ಪರಿಚಿತರಾಗಲಿ ಅವರ ಮಾತು ಬಂದಾಗ ಸಿನಿಮಾದ ಹೆಸರನ್ನೇ ಎತ್ತುವುದಿಲ್ಲ. ‘ತುಘಲಕ್’ ಎನ್ನುತ್ತಾರೆ, ‘ಟಿಪಿಕಲ್ ಟಿ. ಪಿ. ಕೈಲಾಸಂ’ ಎನ್ನುತ್ತಾರೆ, ‘ಅದನ್ನು ನೋಡಬೇಕಿತ್ತಮ್ಮಾ’ ಎಂದು ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ.

ನನ್ನ ವಿನಂತಿ ಇಷ್ಟೇ. ಆ ಪ್ರಯೋಗಗಳನ್ನು ಕಂಡವರು ‘ಅದ್ಭುತ’, ‘ಅಮೋಘ’ ಎಂಬ ಮಾತುಗಳನ್ನು ಬದಿಗಿಟ್ಟು, ರಂಗದ ಮೇಲೆ ಅವರು ನಿಜವಾಗಿ ಏನು ಮಾಡುತ್ತಿದ್ದರು ಎಂಬುದನ್ನು ಬರೆಯಬಹುದೇ? ಜೊತೆಗೆ, ಚಿತ್ರರಂಗ ಅವರಿಗೆ ಅನ್ಯಾಯ ಮಾಡಿತು ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಆ ಮಾತು ಸರಿಯೇ?

ಕಲಾಕ್ಷೇತ್ರದ ಪ್ರೇಕ್ಷಕ, ಬೆಂಗಳೂರು:

ನಿಮ್ಮ ಪ್ರಶ್ನೆ ಕಂಡು ಬಹಳ ಸಂತೋಷವಾಯಿತು. ನನಗೆ ಗೊತ್ತಿರುವುದು ‘ತುಘಲಕ್’, ಆದ್ದರಿಂದ ಅದರ ಬಗ್ಗೆಯೇ ಬರೆಯುತ್ತೇನೆ. ಗಿರೀಶ ಕಾರ್ನಾಡರು 1964ರಲ್ಲಿ ಬರೆದ ಈ ನಾಟಕವನ್ನು ‘ನಟರಂಗ’ ತಂಡಕ್ಕೆ ಬಿ. ಚಂದ್ರಶೇಖರ್ ನಿರ್ದೇಶಿಸಿದ್ದರು, ಸಿಂಹ ಅವರು ಸುಲ್ತಾನ. ನಟರಂಗ ಆರಂಭವಾದದ್ದು 1972ರಲ್ಲಿ. ಹಗಲು ಕಚೇರಿಗಳಲ್ಲಿ ದುಡಿದು ಸಂಜೆ ತಾಲೀಮಿಗೆ ಓಡಿಬರುವವರು ಬೆಂಗಳೂರಿನ ಹವ್ಯಾಸಿ ರಂಗಭೂಮಿಯನ್ನು ಕಟ್ಟುತ್ತಿದ್ದ ಕಾಲ ಅದು.

ಈ ಪಾತ್ರದ ಕಷ್ಟ ಎಲ್ಲಿದೆಯೆಂದರೆ, ತುಘಲಕ್ ಸ್ವತಃ ಒಬ್ಬ ನಟ. ಮೊದಲ ದೃಶ್ಯದಲ್ಲಿ ವಿಷ್ಣುಪ್ರಸಾದನೆಂಬ ಬ್ರಾಹ್ಮಣನೊಬ್ಬ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದಾಗ, ತುಘಲಕ್ ಜನರ ಮುಂದೆ ನಿಂತು ಆ ತೀರ್ಪಿಗೆ ತಲೆಬಾಗುತ್ತಾನೆ. ಅದು ಪ್ರಾಮಾಣಿಕವಾದ ನ್ಯಾಯನಿಷ್ಠೆಯೋ ಪ್ರದರ್ಶನವೋ ಎಂಬುದು ಅವನಿಗೂ ಪೂರ್ತಿ ತಿಳಿದಿಲ್ಲವೇನೋ ಎನ್ನಿಸಬೇಕು. ಸಿಂಹ ಅಲ್ಲಿ ಇಡೀ ದೆಹಲಿಗೆ ಕೇಳಿಸುವ ಹಾಗೆ ಮಾತನಾಡುತ್ತಿದ್ದರು. ಮುಂದಿನ ದೃಶ್ಯದಲ್ಲಿ ಅರಮನೆಯೊಳಗೆ ಚದುರಂಗದ ಹಲಗೆಯ ಮುಂದೆ ಒಂಟಿಯಾಗಿ ಕುಳಿತಾಗ ಅದೇ ಕಂಠದಲ್ಲಿ ಹುಡುಗನೊಬ್ಬನ ಉಮೇದು ಇಣುಕುತ್ತಿತ್ತು, ಮಾತಿನ ಓಟವೇ ಬದಲಾಗುತ್ತಿತ್ತು. ಎರಡು ದೃಶ್ಯಗಳ ನಡುವಿನ ಆ ವ್ಯತ್ಯಾಸದಲ್ಲೇ ಸುಲ್ತಾನನ ಒಡಕು ನಮಗೆ ಗೊತ್ತಾಗಿಬಿಡುತ್ತಿತ್ತು.

ನನ್ನಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುವುದು ದೌಲತಾಬಾದಿನ ಕೋಟೆಯ ಮೇಲಿನ ರಾತ್ರಿಯ ದೃಶ್ಯ. ಅಷ್ಟು ಹೊತ್ತಿಗೆ ರಾಜಧಾನಿ ಬದಲಾಯಿಸುವ ಹುಚ್ಚಿನಲ್ಲಿ ಜನ ದಾರಿಯುದ್ದಕ್ಕೂ ಸತ್ತಿದ್ದಾರೆ, ನಂಬಿದವರು ಒಬ್ಬೊಬ್ಬರಾಗಿ ದೂರವಾಗಿದ್ದಾರೆ. ನಿದ್ದೆ ಬಾರದ ಸುಲ್ತಾನ ಒಬ್ಬ ಎಳೆಯ ಕಾವಲುಗಾರನ ಜೊತೆ ಮಾತಿಗೆ ನಿಂತು, ಅವನ ವಯಸ್ಸನ್ನು ಕೇಳಿ ತನ್ನ ಹರೆಯವನ್ನು ನೆನೆಯುತ್ತಾನೆ. ಅಲ್ಲಿ ಸಿಂಹ ಅವರು ದನಿಯನ್ನು ಎಷ್ಟು ಕೆಳಗಿಳಿಸಿದರೂ ಕೊನೆಯ ಸಾಲಿನಲ್ಲಿ ಕುಳಿತ ನನಗೆ ಒಂದು ಶಬ್ದವೂ ತಪ್ಪಲಿಲ್ಲ. ಕಂಠ ದೊಡ್ಡದಿದ್ದವರು ಅದನ್ನು ತೋರಿಸಿಕೊಳ್ಳುವ ಆಸೆಗೆ ಬೀಳುವುದೇ ಹೆಚ್ಚು. ಇವರು ಅದನ್ನು ಅಡಗಿಸಿಡಲೂ ಬಲ್ಲವರಾಗಿದ್ದರು. ಕೊನೆಯಲ್ಲಿ ಸಿಂಹಾಸನದ ಮೇಲೆಯೇ ನಿದ್ದೆಹೋದ ಸುಲ್ತಾನ ಎಚ್ಚತ್ತು, ತಾನೆಲ್ಲಿದ್ದೇನೆಂದು ತಿಳಿಯದೆ ಸುತ್ತಲೂ ನೋಡುವಾಗ, ಅಲ್ಲಿಯವರೆಗೆ ನಾವು ಭಯಪಟ್ಟಿದ್ದ ವ್ಯಕ್ತಿಯ ಮೇಲೆ ಮರುಕ ಹುಟ್ಟುತ್ತಿತ್ತು. ಕೊಲೆ ಮಾಡಿಸಿದವನ ಮೇಲೆ ಪ್ರೇಕ್ಷಕರಿಗೆ ಮರುಕ ಬರಿಸುವುದು ಸುಲಭದ ಕೆಲಸವಲ್ಲ.

ತಾಲೀಮಿನ ಕೋಣೆಯಿಂದ:

ಮೇಲಿನವರು ಬರೆದದ್ದು ಅಕ್ಷರಶಃ ನಿಜ. ನಾನೂ ಹವ್ಯಾಸಿ ನಟನೇ ಆದ್ದರಿಂದ ‘ಟಿಪಿಕಲ್ ಟಿ. ಪಿ. ಕೈಲಾಸಂ’ ಬಗ್ಗೆ ಸ್ವಲ್ಪ ಕಸುಬಿನ ಕಣ್ಣಿನಿಂದ ಹೇಳುತ್ತೇನೆ. ಟಿ. ಎನ್. ನರಸಿಂಹನ್ ಬರೆದ ಏಕವ್ಯಕ್ತಿ ನಾಟಕವದು. 1983ರಲ್ಲಿ ಸಿಂಹ ಅವರು ‘ವೇದಿಕೆ’ ಎಂಬ ತಮ್ಮದೇ ತಂಡ ಕಟ್ಟಿ ಮೊದಲು ರಂಗಕ್ಕೆ ತಂದದ್ದು ಅದನ್ನೇ.

ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಚನ್ನಪಟ್ಟಣದಲ್ಲಿ 1942ರಲ್ಲಿ ಹುಟ್ಟಿದ ಸಿಂಹ ಅವರು ಆಗ ನಾಲ್ಕು ವರ್ಷದ ಮಗು. ಆದರೆ ನಾಟಕ ರಂಗಕ್ಕೆ ಬಂದ ಹೊತ್ತಿಗೆ, ಕೈಲಾಸಂ ಅವರನ್ನು ಕಣ್ಣಾರೆ ಕಂಡು ಅವರ ಮಾತು ಕೇಳಿದ್ದ ಹಿರಿಯರು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಇನ್ನೂ ಇದ್ದರು. ಅಂಥ ಪ್ರೇಕ್ಷಕರ ಮುಂದೆ ಕೈಲಾಸಂ ಆಗಿ ನಿಲ್ಲುವ ಧೈರ್ಯ ಎಂಥದೆಂದು ಊಹಿಸಿ. ಎದುರು ಮಾತನಾಡಲು ಇನ್ನೊಬ್ಬ ನಟನಿಲ್ಲ. ಒಂದು ಮಾತು ಮರೆತರೆ ಕೈಹಿಡಿಯುವವರಿಲ್ಲ.

ಈ ಪಾತ್ರದಲ್ಲಿ ಜಾರಿಬೀಳುವ ಜಾಗವೆಂದರೆ ನಗೆ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿಬಂದು, ಸರ್ಕಾರಿ ನೌಕರಿಯನ್ನು ಬಿಟ್ಟು, ಇಂಗ್ಲಿಷ್ ಬೆರೆತ ಮನೆಮಾತಿನ ಕನ್ನಡವನ್ನು ನಾಟಕಕ್ಕೆ ತಂದ ಮನುಷ್ಯನನ್ನು ಬರೀ ಜೋಕುಗಳ ಕಂತೆಯಾಗಿಸಿಬಿಡುವುದು ತೀರ ಸುಲಭ. ಸಿಂಹ ಹಾಗೆ ಮಾಡಲಿಲ್ಲ. ‘ಟೊಳ್ಳುಗಟ್ಟಿ’ ಬರೆದ ಕೈಲಾಸಂ ಅವರೇ ಏಕಲವ್ಯ, ಕರ್ಣರಂಥವರ ಸಂಕಟವನ್ನು ಇಂಗ್ಲಿಷಿನಲ್ಲಿ ಗಂಭೀರವಾಗಿ ಬರೆದವರು ಎಂಬುದನ್ನು ಅವರು ಒಂದು ಕ್ಷಣವೂ ಮರೆಯಲಿಲ್ಲ. ಸಭೆ ನಕ್ಕಾಗ ಆ ನಗೆ ಪೂರ್ತಿ ಆರುವವರೆಗೆ ಕಾಯುತ್ತಿರಲಿಲ್ಲ. ಅದು ಇಳಿಮುಖವಾಗುತ್ತಿದ್ದಂತೆ ಮುಂದಿನ ಮಾತನ್ನು ಹಿಡಿಯುತ್ತಿದ್ದರು. ಹಾಗಾಗಿ ನಗುತ್ತಿದ್ದವರಿಗೆ ನೋವಿನ ಮಾತು ಯಾವಾಗ ಬಂತೆಂದೇ ತಿಳಿಯುತ್ತಿರಲಿಲ್ಲ. ವಾಕ್ಯದ ಕೊನೆಯ ಕ್ರಿಯಾಪದವನ್ನು ಅವರು ಎಂದೂ ನುಂಗಲಿಲ್ಲ ಎಂಬುದನ್ನೂ ಗಮನಿಸಬೇಕು. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ, ನಮ್ಮಲ್ಲಿ ಹೆಚ್ಚಿನ ನಟರಿಗೆ ಉಸಿರು ಮುಗಿಯುವುದೂ ಅಲ್ಲಿಯೇ. ನಮ್ಮ ತಂಡದ ಹುಡುಗರಿಗೆ ನಾನು ಇಂದಿಗೂ ಇದೊಂದನ್ನು ತಪ್ಪದೆ ಹೇಳುತ್ತೇನೆ.

ಹಳೆಯ ಚಿತ್ರಗಳ ಅಭಿಮಾನಿ, ಶಿವಮೊಗ್ಗ:

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಚಿತ್ರರಂಗ ಅವರನ್ನು ಸಣ್ಣದಾಗಿ ಬಳಸಿಕೊಂಡಿತು ಎಂಬುದು ಅರ್ಧ ಸತ್ಯ. ನಿರ್ಮಾಪಕರಿಗೆ ಬೇಕಾದದ್ದು ಅವರ ನಿಲುವು ಮತ್ತು ಕಂಠ. ಎರಡನ್ನೂ ತಂದು ಒಂದೇ ಬಗೆಯ ಪಾತ್ರಗಳಲ್ಲಿ ಇಟ್ಟರು. ಅಷ್ಟರ ಮಟ್ಟಿಗೆ ದೂರು ಸರಿ.

ಆದರೆ ಸಿಂಹ ಅವರು ಚಿತ್ರನಿರ್ದೇಶಕರೂ ಆಗಿದ್ದರು ಎಂಬುದನ್ನು ಹೀಗೆ ಹೇಳುವವರು ಮರೆತುಬಿಡುತ್ತಾರೆ. ಮಾಸ್ತಿಯವರ ‘ಕಾಕನಕೋಟೆ’ಯನ್ನು ಅವರು ಮೊದಲು ನಟರಂಗಕ್ಕಾಗಿ ನಿರ್ದೇಶಿಸಿದರು, ಬಳಿಕ ಅದನ್ನೇ 1977ರಲ್ಲಿ ಚಿತ್ರವಾಗಿಸಿದರು. ಹೆಗ್ಗಡದೇವನಕೋಟೆಯ ಕಾಡಿನ ಕುರುಬರ ಕಥೆ ಅದು. ಗೆಳೆಯ ಲೋಕೇಶ್ ಅವರಿಗೆ ಕಾಚನ ಪಾತ್ರ ಕೊಟ್ಟು, ಸಂಗೀತವನ್ನು ಸಿ. ಅಶ್ವತ್ಥ್ ಅವರಿಗೆ ಒಪ್ಪಿಸಿದರು. ಅಶ್ವತ್ಥ್ ಚಿತ್ರಸಂಗೀತ ನಿರ್ದೇಶಕರಾದದ್ದು ಆ ಚಿತ್ರದಿಂದಲೇ. ಇಷ್ಟು ದೊಡ್ಡ ನಟ ತನ್ನ ಮೊದಲ ಚಿತ್ರದ ನಡುಮಧ್ಯದಲ್ಲಿ ತಾನೇ ನಿಲ್ಲದೆ ಗೆಳೆಯನನ್ನು ನಿಲ್ಲಿಸಿದ್ದನ್ನು ನಾನು ಅವರ ನಟನೆಯಷ್ಟೇ ಗೌರವದಿಂದ ಕಾಣುತ್ತೇನೆ. 1990ರ ‘ಅಶ್ವಮೇಧ’ದ ನಿರ್ದೇಶನವೂ ಅವರದೇ, ಅದು ಪೂರಾ ಬೇರೆ ದಾರಿಯ ಚಿತ್ರ. ನೀವು ‘ಕಾಕನಕೋಟೆ’ಯಿಂದ ಆರಂಭಿಸಿ. ರಂಗಭೂಮಿಯ ಗುಂಪು ನಟನೆ ತೆರೆಗೆ ಹೇಗೆ ಬಂದಿದೆ ಎಂಬುದನ್ನು ಅಲ್ಲಿ ಕಾಣಬಹುದು.

ರಂಗಾಸಕ್ತೆ, ಮೈಸೂರು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೊನೆಯ ಕ್ರಿಯಾಪದದ ಮಾತನ್ನು ಓದಿದ ಮೇಲೆ ಅವರ ಸಿನಿಮಾದ ಒಂದು ದೃಶ್ಯವನ್ನು ಕಣ್ಣುಮುಚ್ಚಿ ಬರಿಯ ಕಿವಿಯಲ್ಲಿ ಕೇಳಿದೆ. ನೀವು ಹೇಳಿದ್ದು ಅಲ್ಲಿಯೂ ಹಾಗೆಯೇ ಇದೆ. ಅವರು ಕುವೆಂಪು ಅವರ ಪಾತ್ರವನ್ನೂ ಮಾಡಿದ್ದರಂತೆ. ಅದನ್ನು ಯಾರಾದರೂ ನೋಡಿದ್ದೀರಾ?

ತಾಲೀಮಿನ ಕೋಣೆಯಿಂದ:

ನೋಡಿದ್ದೇನೆ. ‘ರಸಋಷಿ’ ನಾಟಕವಾಗಿಯೂ ಬಂದಿತ್ತು, 2011ರಲ್ಲಿ ಅವರ ಮಗ ಋತ್ವಿಕ್ ಸಿಂಹ ಅವರ ನಿರ್ದೇಶನದಲ್ಲಿ ಚಿತ್ರವೂ ಆಯಿತು. ಕೈಲಾಸಂ ಮತ್ತು ಕುವೆಂಪು ಸ್ವಭಾವದಲ್ಲಿ ಎರಡು ತುದಿಗಳು: ಒಬ್ಬರದು ಮಾತಿನ ಭೋರ್ಗರೆತ, ಇನ್ನೊಬ್ಬರದು ತಮ್ಮೊಳಗೆ ಇಳಿದು ನಿಂತ ಮೌನ. ಸಿಂಹ ಅವರ ಕಂಠಕ್ಕೆ ಕೈಲಾಸಂ ಸಹಜವಾಗಿ ಒದಗಿದವರು. ಕುವೆಂಪು ಅವರಿಗಾಗಿ ಅದೇ ಕಂಠವನ್ನು ಬಿಗಿಹಿಡಿಯಬೇಕಾಗಿತ್ತು. ನನ್ನ ಮಟ್ಟಿಗೆ ಕೈಲಾಸಂ ಒಂದು ತೂಕ ಹೆಚ್ಚೇ. ಆದರೂ ಆ ಚಿತ್ರವನ್ನು ನೀವು ನೋಡಲೇಬೇಕು, ಅದರಲ್ಲೂ ಕುವೆಂಪು ಮಾತನಾಡದೆ ಸುಮ್ಮನೆ ಕೇಳಿಸಿಕೊಳ್ಳುತ್ತಿರುವ ಕಡೆಗಳಲ್ಲಿ ಸಿಂಹ ಅವರ ಮುಖವನ್ನು ಗಮನಿಸಿ. ‘ತುಘಲಕ್’ ಬಗ್ಗೆ ಬರೆದ ಹಿರಿಯರು ಸಮಯ ಸಿಕ್ಕಾಗ ಪ್ರಾರ್ಥನೆಯ ವೇಳೆಯ ಕೊಲೆಯ ದೃಶ್ಯವನ್ನೂ ವಿವರಿಸಿದರೆ ಉಪಕಾರವಾಗುತ್ತದೆ. ನಾವು ಆ ನಾಟಕವನ್ನು ಮತ್ತೆ ಕೈಗೆತ್ತಿಕೊಳ್ಳುವ ಯೋಚನೆಯಲ್ಲಿದ್ದೇವೆ. ಶಿಹಾಬುದ್ದೀನನನ್ನು ಇರಿಯುವಾಗ ಸಿಂಹ ಅವರ ಸುಲ್ತಾನ ಎಲ್ಲಿ ನಿಲ್ಲುತ್ತಿದ್ದ, ಇರಿದ ಮೇಲೆ ಯಾರ ಕಡೆ ನೋಡುತ್ತಿದ್ದ ಎಂಬುದು ನಮಗೆ ತಿಳಿಯಬೇಕಾಗಿದೆ.