ಒಗೆದ ಟವೆಲ್ಲೂ ಮುಗ್ಗಲು ವಾಸನೆ ಬರೋದು ಯಾಕೆ?

ಒದ್ದೆಬಟ್ಟೆ: ಫ್ರಂಟ್ ಲೋಡ್ ಮಷೀನು. ಟವೆಲ್ ಹೊರಗೆ ತೆಗೆದಾಗ ಘಮಘಮ, ಒಣಗಿದ ಮೇಲೂ ಪರವಾಗಿಲ್ಲ. ಸ್ನಾನ ಮಾಡಿ ಮೈ ಒರೆಸಿದ್ದೇ ತಡ, ಮುಗ್ಗಲು ವಾಸನೆ ಹೊಡೆಯುತ್ತೆ. 30 ಡಿಗ್ರಿ, ಕ್ವಿಕ್ ವಾಶ್, ಲಿಕ್ವಿಡ್ ಮತ್ತು ಕಂಡೀಷನರ್ ಹಾಕ್ತೀನಿ. ಏನು ಮಾಡ್ಲಿ?

ಬಿಸಿನೀರು: 60 ಡಿಗ್ರಿಗೆ ಹಾಕಿ, ಮುಗೀತು. ವಾಸನೆ ಬ್ಯಾಕ್ಟೀರಿಯಾದ್ದು. 30ರಲ್ಲಿ ಅವು ಪೂರ್ತಿ ಸಾಯಲ್ಲ, ನೂಲಿನ ಒಳಗೇ ಉಳ್ಕೊಳ್ತವೆ. ಟವೆಲ್ ಒದ್ದೆಯಾದ ಕೂಡ್ಲೇ ಮತ್ತೆ ಶುರು.

ಸೋಪುಜಿಪುಣ: ಮಾತೆತ್ತಿದ್ರೆ 60 ಅಂದ್ರೆ ಹೇಗೆ ಸರ್? ಮಷೀನು ಹೆಚ್ಚು ಕರೆಂಟು ತಿನ್ನೋದೇ ನೀರು ಕಾಯಿಸೋಕೆ. ಮೊದಲು ಕಂಡೀಷನರ್ ನಿಲ್ಲಿಸಿ. ಅದು ನೂಲಿನ ಮೇಲೆ ಜಿಡ್ಡಿನಂಥ ಪದರ ಕೂರಿಸುತ್ತೆ. ಬಟ್ಟೆ ಮೆತ್ತಗಾಗುತ್ತೆ ನಿಜ, ಆದ್ರೆ ನೀರು ಹೀರೋದು ಕಮ್ಮಿಯಾಗುತ್ತೆ. ಟವೆಲ್ ಇರೋದೇ ನೀರು ಹೀರೋಕಲ್ವಾ? ಇನ್ನೊಂದು ಪರೀಕ್ಷೆ: ಒಗೆದ ಟವೆಲ್ಲನ್ನೇ ಸೋಪು ಹಾಕದೆ ಮತ್ತೆ ತಿರುಗಿಸಿ, ಗಾಜಿನ ಬಾಗಿಲಲ್ಲಿ ನೋಡ್ತಾ ಇರಿ. ನೊರೆ ಎದ್ರೆ ಹಳೇ ಸೋಪು ಒಳಗೇ ಕೂತಿದೆ ಅಂತ, ಸೋಪು ಕಮ್ಮಿ ಮಾಡಿ.

ಗಡಸುನೀರು: ಎಲ್ಲರಿಗೂ "ಸೋಪು ಕಮ್ಮಿ ಮಾಡಿ" ಅಂತ ಹೇಳೋದು ತಪ್ಪು. ನೀರು ಗಡಸಾಗಿದ್ರೆ ಡಿಟರ್ಜೆಂಟಿನ ಒಂದು ಪಾಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಗುದ್ದಾಡೋದ್ರಲ್ಲೇ ಖರ್ಚಾಗುತ್ತೆ. ಅಲ್ಲಿ ಕಮ್ಮಿ ಹಾಕಿದ್ರೆ ಕೊಳೆಯೂ ಹೋಗಲ್ಲ, ಟವೆಲ್ಲೂ ಹಪ್ಪಳ.

ಸ್ಪ್ಯಾನರ್: ರಿಪೇರಿ ಕೆಲಸ ನನ್ನದು. ನೀವೆಲ್ಲ ಬಟ್ಟೆ ಬಗ್ಗೆನೇ ಮಾತಾಡ್ತಿದ್ದೀರಿ. ಬಾಗಿಲ ರಬ್ಬರ್ ಮಡಿಕೆ ಬಿಡಿಸಿ, ಕೆಳಭಾಗದಲ್ಲಿ ಬೆರಳಾಡಿಸಿ. ಕಪ್ಪು ಲೋಳೆ, ಕೂದಲು, ಬಟ್ಟೆ ಜುಂಗು ಸಿಗುತ್ತೆ. ಸೋಪಿನ ಡ್ರಾಯರ್ ಪೂರ್ತಿ ಎಳೆದು ಹಿಂಬದಿ ನೋಡಿ, ಅಲ್ಲೂ ಅದೇ ಕಥೆ. ಒರೆಸಿ, ಡ್ರೇನ್ ಫಿಲ್ಟರ್ ತೊಳೆದು, ಖಾಲಿ ಡ್ರಮ್ಮನ್ನ ಅತಿ ಬಿಸಿ ಸೈಕಲ್‌ನಲ್ಲಿ ಓಡಿಸಿ. ಒಗೆದಾದ ಮೇಲೆ ಬಾಗಿಲು ತೆರೆದಿಡಿ.

ನಿಂಬೆಹುಳಿ: ವಿನೆಗರ್, ಬ್ಲೀಚ್ ಎರಡೂ ಸುರಿದುಬಿಡಿ, ಲೋಳೆ ಗೀಳೆ ಎಲ್ಲಾ ಮಾಯ.

ಸ್ಪ್ಯಾನರ್: ದಯವಿಟ್ಟು ಬೇಡ! ಕ್ಲೋರಿನ್ ಬ್ಲೀಚಿಗೆ ವಿನೆಗರ್‌ನಂಥ ಆಮ್ಲ ಸೇರಿದ್ರೆ ವಿಷಾನಿಲ ಏಳುತ್ತೆ. ಇದನ್ನ ನೋಡಿ ಯಾರೂ ಮಾಡ್ಬೇಡಿ.

ಒದ್ದೆಬಟ್ಟೆ: ನೊರೆ ಪರೀಕ್ಷೆ ಮಾಡಿದೆ. ಅರ್ಧ ಗಾಜು ನೊರೆ! ರಬ್ಬರ್ ಮಡಿಕೆಯಲ್ಲಿ ಮಗುವಿನ ಒಂದು ಕಾಲುಚೀಲನೂ ಸಿಕ್ತು. ಆದ್ರೆ ಬಣ್ಣದ ಟವೆಲ್ ಲೇಬಲ್ಲಿನಲ್ಲಿ 40 ಅಂತಿದೆ.

ಗಡಸುನೀರು: 40ಕ್ಕೇ ಹಾಕಿ, ಕ್ವಿಕ್ ವಾಶ್ ಮಾತ್ರ ಬೇಡ, ಉದ್ದದ ಸೈಕಲ್ ಇಡಿ. ಡಿಟರ್ಜೆಂಟಿನಲ್ಲಿರೋ ಕಲೆ ತೆಗೆಯೋ ಎಂಜೈಮ್‌ಗೂ ಸಮಯ ಬೇಕು. ಒಂದು ರಿನ್ಸ್ ಹೆಚ್ಚಿಗೆ ಕೊಡಿ. ಡ್ರಮ್ಮಿನ ಮೇಲ್ಭಾಗದಲ್ಲಿ ಕೈ ಹಿಡಿಸುವಷ್ಟು ಜಾಗ ಇರಲಿ.

ಸೋಪುಜಿಪುಣ: ನೋಡಿದ್ರಾ, 60 ಬೇಕಾಗಲೇ ಇಲ್ಲ.

ಬಿಸಿನೀರು: ಟವೆಲ್ ಬಿಡಿ ಸ್ವಾಮಿ, ಬೆಡ್‌ಶೀಟು, ದಿಂಬಿನ ಕವರಿಗೆ ಏನ್ ಮಾಡ್ತೀರಿ? ಧೂಳುನುಸಿ (ಹಾಸಿಗೆಯಲ್ಲಿರೋ, ಅಲರ್ಜಿ ತರೋ ಸಣ್ಣ ಹುಳ) 40ರಲ್ಲಿ ಸಾಯಲ್ಲ. ಅಲರ್ಜಿ ಇರೋರನ್ನ ಕೇಳಿ ನೋಡಿ.